ಕಾಗದದ ಟ್ಯಾಂಕ್: ಯಾವುದನ್ನು ಆರಿಸೋದು, ಕೆಟ್ಟರೆ ಹೇಗೆ ತಿದ್ದೋದು

ಟರೆಟ್ ಕೂರಲೇ ಇಲ್ಲ. ಒಂದೂವರೆ ವಾರ, ದಿನಾ ರಾತ್ರಿ ಊಟ ಆದಮೇಲೆ ಕೂತು ಕತ್ತರಿಸಿ, ಮಡಚಿ, ಅಂಟಿಸಿದ ರೆನೋ ಎಫ್‌ಟಿ ಟ್ಯಾಂಕಿನ ಮೈ ಮೇಜಿನ ಮೇಲೆ ಚೆನ್ನಾಗಿಯೇ ನಿಂತಿತ್ತು. ಮೇಲೆ ಕೂರಬೇಕಾದ ಫಿರಂಗಿಯ ಗೋಪುರ, ಅಂದರೆ ಟರೆಟ್, ಮಾತ್ರ ತನ್ನ ಉಂಗುರದೊಳಗೆ ಲೊಡಲೊಡ ಅಲ್ಲಾಡುತ್ತಿತ್ತು.

ಕಾರಣ ಕಾಫಿ. ಟರೆಟ್ ಇದ್ದ ಹಾಳೆಯ ಮೇಲೆ ಲೋಟ ಉರುಳಿತ್ತು. ಆ ಒಂದು ಹಾಳೆಯನ್ನು ಮಾತ್ರ ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮತ್ತೆ ಪ್ರಿಂಟ್ ಹಾಕಿಸಿದ್ದೆ. ಭಾಗಗಳ ನಕ್ಷೆಯ ಮೂಲ ಫೈಲು ಅಮೆರಿಕದ ಲೆಟರ್ ಅಳತೆಯದು, ಅಂದರೆ 216 ಮಿಮೀ ಅಗಲ. ನಮ್ಮ ಎ4 ಹಾಳೆ 210 ಮಿಮೀ ಅಗಲ. ಅಂಗಡಿಯ ಕಂಪ್ಯೂಟರ್ ಪುಟಕ್ಕೆ ಹೊಂದಿಸುವ ಆಯ್ಕೆಯಲ್ಲಿತ್ತು. ಹಾಗಾಗಿ ಎಲ್ಲವೂ 97 ಶೇಕಡಕ್ಕೆ ಕುಗ್ಗಿತು. ಉಂಗುರದೊಳಗೆ ಕೂರುವ ಟರೆಟ್ಟಿನ ಕುತ್ತಿಗೆ 50 ಮಿಮೀ ಇರಬೇಕಾದದ್ದು 48.6 ಆಯಿತು. ಎಲ್ಲ ಹಾಳೆಗಳೂ ಒಟ್ಟಿಗೆ ಕುಗ್ಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಮಾತ್ರ ಕುಗ್ಗಿದ್ದೇ ತೊಂದರೆ.

ಆಮೇಲೆ ನಾನು ಮಾಡೆಲ್ ಆರಿಸುವ ರೀತಿಯೇ ಬದಲಾಯಿತು. ಮೊದಲು ಕಟ್ಟೋಕೆ ಯಾವುದು ಸುಲಭ ಅಂತ ನೋಡುತ್ತಿದ್ದೆ. ಈಗ ಕೆಟ್ಟರೆ ತಿದ್ದೋಕೆ ಯಾವುದು ಸುಲಭ ಅಂತ ನೋಡುತ್ತೇನೆ. ಕಾಗದದಲ್ಲಿ ಏನಾದರೂ ಒಂದು ಕೆಡೋದು ಖಚಿತ. ಹಾಗಾಗಿ ಟ್ಯಾಂಕ್, ಸ್ಕೇಲ್, ಕಾಗದ, ಅಂಟು ಎಲ್ಲವನ್ನೂ ಇದೇ ಕಣ್ಣಿನಿಂದ ಹೋಲಿಸಿ ನೋಡೋಣ.

ಯಾವ ಟ್ಯಾಂಕ್?

ಹಳೇ ಟ್ಯಾಂಕುಗಳಲ್ಲಿ ಹೊಸಬರು ಸಾಮಾನ್ಯವಾಗಿ ಮೂರರ ಮೇಲೆ ಕಣ್ಣು ಹಾಕುತ್ತಾರೆ: ಫ್ರಾನ್ಸಿನ ರೆನೋ ಎಫ್‌ಟಿ, ಬ್ರಿಟನ್ನಿನ ಮಾರ್ಕ್ 4, ಸೋವಿಯತ್ ಟಿ-34. ನಮ್ಮವರಿಗೆ ನಾಲ್ಕನೆಯ ಆಸೆಯೊಂದು ಇದ್ದೇ ಇರುತ್ತದೆ, ಭಾರತದಲ್ಲೇ ತಯಾರಾದ ವಿಜಯಂತ.

ಕಾಗದದ ಒಂದು ಗುಣ ಮೊದಲು ತಿಳಿದಿರಲಿ. ಅದು ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ. ಕೊಳವೆ ಆಗುತ್ತದೆ, ಶಂಕು ಆಗುತ್ತದೆ, ಬಟ್ಟಲು ಆಗೋದಿಲ್ಲ. ಎಲೆಯಿಂದ ದೊನ್ನೆ ಮಾಡುವಾಗ ಅಂಚಿನಲ್ಲಿ ನೆರಿಗೆ ಬೀಳುತ್ತದಲ್ಲ, ಅದೇ ಕತೆ. ಆದ್ದರಿಂದ ಎರಕ ಹೊಯ್ದ, ಗುಂಡಗೆ ಉಬ್ಬಿದ ಟರೆಟ್ ಇರುವ ಟ್ಯಾಂಕ್ ಕಾಗದಕ್ಕೆ ವೈರಿ. ತಗಡು ತಗಡಾಗಿ ರಿವೆಟ್ ಹೊಡೆದು ಜೋಡಿಸಿದ ಟ್ಯಾಂಕ್ ಕಾಗದಕ್ಕೆ ನೆಂಟ.

ಮಾರ್ಕ್ 4 ಅಂಥ ನೆಂಟ. ಮೊದಲ ಮಹಾಯುದ್ಧದಲ್ಲಿ, 1917ರ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೆಯಲ್ಲಿ ನೂರಾರು ಟ್ಯಾಂಕುಗಳು ಒಟ್ಟಿಗೆ ನುಗ್ಗಿದವಲ್ಲ, ಆ ಮಾದರಿ ಇದು. ಕಂದಕ ದಾಟಲೆಂದು ಮಾಡಿದ ಓರೆ ಚೌಕದ ಆಕಾರ. ಚೈನು ಇಡೀ ಮೈಯನ್ನೇ ಸುತ್ತಿ ಬರುತ್ತದೆ. ಉರುಳೆಗಳೆಲ್ಲ ಒಳಗೇ ಅಡಗಿರುತ್ತವೆ, ಹಾಗಾಗಿ ಚಕ್ರ ಮಾಡುವ ಕೆಲಸವೇ ಇಲ್ಲ. ಎಲ್ಲವೂ ಚಪ್ಪಟೆ ತಗಡು. ಒಂದು ತಗಡು ಕೆಟ್ಟರೆ ಅದೇ ಆಕಾರದ ಇನ್ನೊಂದನ್ನು ಮೇಲೆ ಅಂಟಿಸಿದರಾಯಿತು. ನಿಜವಾದ ಟ್ಯಾಂಕಿನಲ್ಲೇ ಅಲ್ಲಿ ತಗಡಿನ ಅಂಚು ಕಾಣುತ್ತದೆ, ನಿಮ್ಮ ತೇಪೆ ಅದರಲ್ಲೇ ಬೆರೆತು ಹೋಗುತ್ತದೆ. ತೊಂದರೆ ಒಂದೇ. ಬಣ್ಣ ಬರೀ ಒಂದು ಕಂದು. ಬೇರೆ ದಿನ, ಬೇರೆ ಯಂತ್ರದಲ್ಲಿ ಪ್ರಿಂಟ್ ಮಾಡಿದ ತೇಪೆ ಹಾಕಿದರೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ.

ರೆನೋ ಎಫ್‌ಟಿಯಲ್ಲಿ ಇದಕ್ಕೆ ಉಲ್ಟಾ. ಹಸಿರು, ಕಂದು, ಹಳದಿ ಮಚ್ಚೆಗಳ ಮರೆಬಣ್ಣ ಎಷ್ಟೋ ತಪ್ಪನ್ನು ನುಂಗುತ್ತದೆ. ಇಬ್ಬರು ಮಾತ್ರ ಕೂರುವ ಪುಟ್ಟ ಟ್ಯಾಂಕ್ ಇದು. ಪೂರ್ತಿ ಸುತ್ತು ತಿರುಗುವ ಟರೆಟ್ ಮೇಲೆ, ಎಂಜಿನ್ ಹಿಂದೆ, ಚಾಲಕ ಮುಂದೆ. ಇವತ್ತಿನ ಟ್ಯಾಂಕುಗಳ ಅಚ್ಚು ಬಿದ್ದದ್ದೇ ಇಲ್ಲಿ. 3 ಸಾವಿರಕ್ಕೂ ಜಾಸ್ತಿ ತಯಾರಾದವು. ಇವು ಮೊದಲು ಯುದ್ಧಕ್ಕಿಳಿದದ್ದು 1918ರ ಮೇ 31ರಂದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಈಟಿ ಹಿಡಿದು ಕುದುರೆ ಮೇಲೆ ನುಗ್ಗಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ಹಾದುಹೋಗುವಾಗೆಲ್ಲ ಎರಡೂ ಒಂದೇ ಯುದ್ಧ ಅನ್ನೋದು ನನಗೆ ನಂಬೋಕೇ ಆಗಲ್ಲ.

ಇರಲಿ. ಎಫ್‌ಟಿಗೆ ಎರಡು ಬಗೆ ಟರೆಟ್ ಇದ್ದವು. ಒಂದು ರಿವೆಟ್ ಹೊಡೆದ ಎಂಟು ಮೂಲೆಯದು, ಇನ್ನೊಂದು ಎರಕದ ಗುಂಡನೆಯದು. ಕಣ್ಣು ಮುಚ್ಚಿಕೊಂಡು ಎಂಟು ಮೂಲೆಯದನ್ನೇ ಆರಿಸಿ. ಆದರೆ ಚಿಕ್ಕದು, ಬೇಗ ಮುಗಿಯುತ್ತದೆ ಅಂತ ಮೋಸ ಹೋಗಬೇಡಿ. ಒಂದೊಂದು ಬದಿಯಲ್ಲೂ ಕೆಳಗೆ 9 ಸಣ್ಣ ಚಕ್ರ, ಮೇಲೆ 6 ಉರುಳೆ. ಮುಂದೆ ಒಂದು ದೊಡ್ಡ ಚಕ್ರ, ಹಿಂದೆ ಹಲ್ಲಿನ ಚಕ್ರ. ಎರಡೂ ಬದಿ ಸೇರಿ 34. ನಾನು 20ನೆಯದರ ಹೊತ್ತಿಗೆ ಬೇಸತ್ತು ಎರಡು ದಿನ ಮುಟ್ಟಲೇ ಇಲ್ಲ.

ಟಿ-34ರಲ್ಲಿ ಬದಿಗೆ ಐದೇ ದೊಡ್ಡ ಚಕ್ರ, ಮೇಲೆ ಉರುಳೆಯೇ ಇಲ್ಲ. ಮೈ ಓರೆ ತಗಡುಗಳದ್ದು, ಕಾಗದಕ್ಕೆ ಒಗ್ಗುತ್ತದೆ. ಆದರೆ 85 ಮಿಮೀ ಫಿರಂಗಿಯ ಮಾದರಿಯ ಟರೆಟ್ ಎರಕದ್ದು. ಅಲ್ಲಿ ದೊನ್ನೆಯ ನೆರಿಗೆ ಕಾಟ ಶುರು. ತಪ್ಪಾದರೆ ತೇಪೆ ಹಾಕಲು ಅಂಚೇ ಸಿಗುವುದಿಲ್ಲ. ಎರಡನೆಯ ಮಾಡೆಲ್ಲಿಗೆ ಇಟ್ಟುಕೊಳ್ಳಿ.

ವಿಜಯಂತ? ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸ, ಚೆನ್ನೈ ಹತ್ತಿರದ ಆವಡಿಯ ಕಾರ್ಖಾನೆ, 105 ಮಿಮೀ ಫಿರಂಗಿ. ಮನಸ್ಸಿಗೆ ಹತ್ತಿರದ್ದು, ನಿಜ. ಆದರೆ ನಕ್ಷೆಯನ್ನು ಬಹುಪಾಲು ನೀವೇ ಬರೆದುಕೊಳ್ಳಬೇಕು. ನಾಲ್ಕು ಮಾಡೆಲ್ ಕಟ್ಟಿದ ಮೇಲೆ, ಒಮ್ಮೆ ಅಹ್ಮದ್‌ನಗರದ ಟ್ಯಾಂಕ್ ಮ್ಯೂಸಿಯಂ ನೋಡಿ ಬಂದು ಶುರು ಮಾಡಿ. ಊರಿನ ಹೆಸರು ಈಗ ಅಹಿಲ್ಯಾನಗರ. ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಅದರ ಮೇಲೇ ಹೋಗುತ್ತದೆ.

ನನ್ನ ತೀರ್ಪು: ಮೊದಲನೆಯದು ಮಾರ್ಕ್ 4. ಪುಟ್ಟ ಎಫ್‌ಟಿಯ ಮುದ್ದು ಮುಖಕ್ಕೆ ಮರುಳಾಗಿ ನಾನು ಅದರಿಂದ ಶುರು ಮಾಡಿದೆ. ನೀವು ಹಾಗೆ ಮಾಡಬೇಡಿ.

ಯಾವ ಸ್ಕೇಲ್?

ಪೋಲೆಂಡಿನವರು ಕಾಗದದ ಟ್ಯಾಂಕುಗಳನ್ನು ಹೆಚ್ಚಾಗಿ 1:25ರಲ್ಲಿ, ಅಂದರೆ ನಿಜದ ಅಳತೆಯ 25ನೇ ಒಂದು ಪಾಲಿಗೆ ಮಾಡುತ್ತಾರೆ. ಪ್ಲಾಸ್ಟಿಕ್ ಲೋಕದಲ್ಲಿ 1:35 ಚಾಲ್ತಿ. ಕಪಾಟಿನಲ್ಲಿ ಜಾಗ ಕಡಿಮೆ ಇದ್ದವರಿಗೆ 1:50, 1:72.

ಎಫ್‌ಟಿ ಬಾಲ ಸೇರಿ ಸುಮಾರು 5 ಮೀಟರ್ ಉದ್ದ, 1.74 ಮೀಟರ್ ಅಗಲ. 1:25ರಲ್ಲಿ ಅದು 20 ಸೆಂಮೀ ಉದ್ದ, 7 ಸೆಂಮೀ ಅಗಲ. ಕೈಗೆ ಹಿತ. 1:72ರಲ್ಲಿ ಉದ್ದ 7 ಸೆಂಮೀ ಆಗುತ್ತದೆ, ಆ 34 ಚಕ್ರಗಳಲ್ಲಿ ಹೆಚ್ಚಿನವು ಸಾಸಿವೆ ಕಾಳಿನ ಲೆಕ್ಕಕ್ಕೆ ಇಳಿಯುತ್ತವೆ. ಬೇಡ.

ಮಾರ್ಕ್ 4ರ ಕತೆ ಬೇರೆ. ಅದು 8 ಮೀಟರ್ ಉದ್ದ. 1:25ರಲ್ಲಿ 32 ಸೆಂಮೀ ಆಗುತ್ತದೆ. ಎ4 ಹಾಳೆಯ ಉದ್ದವೇ 29.7 ಸೆಂಮೀ! ಪಕ್ಕದ ತಗಡನ್ನು ಎರಡು ತುಂಡು ಮಾಡಿ ಜೋಡಿಸಬೇಕು, ಇಲ್ಲ ಎ3 ಪ್ರಿಂಟ್ ಹಾಕಿಸಬೇಕು. 1:35ರಲ್ಲಿ 23 ಸೆಂಮೀ. ಒಂದೇ ಹಾಳೆಯಲ್ಲಿ ಕೂರುತ್ತದೆ. ಹಾಗಾಗಿ ಎಫ್‌ಟಿಗೆ 1:25, ಮಾರ್ಕ್ 4ಕ್ಕೆ 1:35.

ಸ್ಕೇಲ್ ಬದಲಾಯಿಸುವಾಗ ಲೆಕ್ಕ ಸುಲಭ. 1:25ರ ನಕ್ಷೆಯನ್ನು 1:35 ಮಾಡಲು 71.4 ಶೇಕಡಕ್ಕೆ ಪ್ರಿಂಟ್ ಮಾಡಬೇಕು. 1:50 ಮಾಡಲು 50 ಶೇಕಡ. ಆದರೆ ಇಲ್ಲೊಂದು ಗುಂಡಿ ಇದೆ. ಚಿತ್ರ ಕುಗ್ಗುತ್ತದೆ, ಕಾಗದದ ದಪ್ಪ ಕುಗ್ಗುವುದಿಲ್ಲ. ಒಳಗಿನ ಅಸ್ಥಿಪಂಜರಕ್ಕೆ 1 ಮಿಮೀ ರಟ್ಟು ಅಂತ ಹೇಳಿ, 1 ಮಿಮೀ ಸೀಳು ಬರೆದಿರುತ್ತಾರೆ. ಕುಗ್ಗಿಸಿದಾಗ ಸೀಳು 0.7 ಆಗುತ್ತದೆ. ರಟ್ಟು ಇನ್ನೂ 1 ಮಿಮೀ. ಒತ್ತಿ ತುರುಕಿದರೆ ಪಂಜರ ಸೊಟ್ಟ ಆಗುತ್ತದೆ, ಸೊಟ್ಟ ಪಂಜರದ ಮೇಲೆ ಯಾವ ತಗಡೂ ನೇರ ಕೂರುವುದಿಲ್ಲ. ದಪ್ಪವನ್ನೂ 0.7ಕ್ಕೆ ಇಳಿಸಿ, ಇಲ್ಲವೇ ಸೀಳು ಅಗಲ ಮಾಡಿ. ಮನೆಗೆ ಬಂದು ಬಿದ್ದ ಮದುವೆ ಕಾರ್ಡುಗಳು ಇದಕ್ಕೆ ಬಲು ಅನುಕೂಲ. ಎರಡು, ಮೂರು ಪದರ ಅಂಟಿಸಿ ಬೇಕಾದ ದಪ್ಪ ಮಾಡಿಕೊಳ್ಳಬಹುದು.

ಕಾಗದ, ಪ್ರಿಂಟ್, ಅಂಟು

ಮೈಗೆ 160 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ), ಸಣ್ಣ ಭಾಗ ಮತ್ತು ಕೊಳವೆಗಳಿಗೆ 80ರಿಂದ 120. 250ರದ್ದು ಗಟ್ಟಿ ಅಂತ ಆಸೆಪಡಬೇಡಿ, ಮಡಚಿದ ಕಡೆ ಸೀಳುತ್ತದೆ. ಸುಲ್ತಾನ್‌ಪೇಟೆ, ಅವೆನ್ಯೂ ರೋಡ್ ಕಡೆಯ ಕಾಗದದ ಅಂಗಡಿಗಳಲ್ಲಿ ಕೈಯಿಂದ ಮುಟ್ಟಿ ನೋಡಿ ತರಬಹುದು. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದರೆ ಸಾಕು. ಗಾಡಿ ತೆಗೆದುಕೊಂಡು ಹೋಗುವ ಸಾಹಸ ಬೇಡ.

ತಂದ ಕಾಗದದ ಎಳೆ ಯಾವ ಕಡೆ ಇದೆ ಅಂತ ನೋಡಿಕೊಳ್ಳಿ. ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡನ್ನೂ ತುದಿಯಲ್ಲಿ ಹಿಡಿಯಿರಿ. ಜಾಸ್ತಿ ಜೋತುಬಿದ್ದದ್ದು ಎಳೆಗೆ ಅಡ್ಡ ಕತ್ತರಿಸಿದ್ದು. ಫಿರಂಗಿ ಕೊಳವೆ ಸುತ್ತುವಾಗ ಎಳೆ ಕೊಳವೆಯ ಉದ್ದಕ್ಕೇ ಇರಬೇಕು. ಇಲ್ಲದಿದ್ದರೆ ಮುರಿಮುರಿದು ಸುತ್ತಿಕೊಳ್ಳುತ್ತದೆ. ಸುತ್ತಲು ಉರಿದು ಉಳಿದ ಊದುಬತ್ತಿ ಕಡ್ಡಿ ಸಾಕು.

ಲೇಸರ್ ಪ್ರಿಂಟ್ ನೀರಿಗೆ ಹೆದರುವುದಿಲ್ಲ, ಆದರೆ ಮಡಿಕೆಯಲ್ಲಿ ಬಣ್ಣ ಸಿಡಿದು ಬಿಳಿ ಗೆರೆ ಬೀಳುತ್ತದೆ. ಇಂಕ್‌ಜೆಟ್ ಮಡಿಕೆಯಲ್ಲಿ ಚೆನ್ನ, ಒದ್ದೆ ಅಂಟು ತಾಗಿದರೆ ಹರಡುತ್ತದೆ. ಬಿಳಿ ಗೆರೆಯನ್ನು ನೀರುಬಣ್ಣದ ಪೆನ್ಸಿಲ್ಲಿನಿಂದ ಮುಚ್ಚಬಹುದು, ಹರಡಿದ ಕಲೆಯನ್ನು ಏನೂ ಮಾಡಲಾಗದು. ಹಾಗಾಗಿ ನನ್ನ ಓಟು ಲೇಸರಿಗೆ. ಮನೆಯ ಇಂಕ್‌ಜೆಟ್ಟೇ ಗತಿ ಅಂದರೆ, ಕತ್ತರಿಸುವ ಮೊದಲೇ ಮ್ಯಾಟ್ ವಾರ್ನಿಶ್ ಸ್ಪ್ರೇ ತೆಳುವಾಗಿ ಹೊಡೆದು ಒಣಗಿಸಿ. ಅಂಗಡಿಗೆ ಹೋದರೆ ಅಳತೆ ಪಟ್ಟಿ ಜೇಬಲ್ಲಿರಲಿ. 100 ಶೇಕಡ ಅಂತ ಬಾಯಲ್ಲಿ ಹೇಳಿದರೆ ಸಾಲದು. ಮೊದಲ ಹಾಳೆ ಬಂದ ಕೂಡಲೇ ಅಳೆಯಿರಿ.

ಅಂಟಿನಲ್ಲಿ ಬಿಳಿ ಫೆವಿಕಾಲ್ ನಿಧಾನ. ಅದೇ ಅದರ ದೊಡ್ಡ ಗುಣ. ಇಟ್ಟ ಮೇಲೆ ಒಂದೆರಡು ನಿಮಿಷ ಜರುಗಿಸಬಹುದು. ಒಣಗಿದ ಮೇಲೂ ಹೇರ್ ಡ್ರೈಯರ್ ಬಿಸಿಗೆ ಮೆತ್ತಗಾಗುತ್ತದೆ, ತೆಳು ಬ್ಲೇಡ್ ತೂರಿಸಿ ಬಿಡಿಸಬಹುದು. ಫೆವಿಕ್ವಿಕ್ ಹಾಕಿದರೆ ಮುಗಿಯಿತು, ಅದು ಕಾಗದದೊಳಕ್ಕೇ ಇಳಿದು ಕಲ್ಲಾಗುತ್ತದೆ. ಆ ಕಲ್ಲಾಗುವ ಗುಣ ಚಕ್ರದ ಅಂಚಿಗೆ ಮಾತ್ರ ಬೇಕು. ಅಂಚಿಗೆ ಒಂದು ಹನಿ ಕುಡಿಸಿ ಉಪ್ಪುಕಾಗದದಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿನಂತೆ ನಯವಾಗುತ್ತದೆ. ದೊಡ್ಡ ತಗಡಿಗೆ ರಟ್ಟು ಅಂಟಿಸುವಾಗ ಫೆವಿಕಾಲಿನ ನೀರಿಗೆ ಹಾಳೆ ಸುಕ್ಕಾಗುತ್ತದೆ. ಅಲ್ಲಿ ಅಂಟುಕಡ್ಡಿ ವಾಸಿ.

ಚೈನು: ಪಟ್ಟಿಯೋ, ಕೊಂಡಿಯೋ?

ಟಿ-34ರ ಒಂದು ಬದಿಗೆ 72 ಕೊಂಡಿ. ಎರಡು ಬದಿಗೆ 144. ಬಿಡಿಬಿಡಿಯಾಗಿ ಕತ್ತರಿಸಿ ಪೋಣಿಸಿದರೆ ಅಂದವೋ ಅಂದ. ಆದರೆ ಒಂದೊಂದು ಕೊಂಡಿಯಲ್ಲೂ ಕೂದಲೆಳೆಯಷ್ಟು ತಪ್ಪಿದರೆ ಕೊನೆಗೆ ಅರ್ಧ ಕೊಂಡಿ ಉಳಿದುಬಿಡುತ್ತದೆ. ಒಂದೇ ಉದ್ದದ ಪಟ್ಟಿಯ ಮೇಲೆ ತಗಡು ತುಂಡುಗಳನ್ನು ಅಂಟಿಸುವುದು ನಡುವಿನ ದಾರಿ. ಉದ್ದ ಜಾಸ್ತಿ ಕಡಿಮೆ ಆದರೆ ಪಟ್ಟಿಯನ್ನು ನೆಲಕ್ಕೆ ತಾಗುವ ಕಡೆ ಕತ್ತರಿಸಿ ಸರಿಮಾಡಿ. ಯಾರೂ ಮಾಡೆಲ್ಲನ್ನು ತಿರುಗಿಸಿ ನೋಡುವುದಿಲ್ಲ. ನೋಡುವವರಿದ್ದರೆ ಅವರಿಗೆ ಕಾಫಿ ಕೊಡಬೇಡಿ.

ತಿದ್ದುವುದು

ಇಲ್ಲಿ ನಾಲ್ಕು ದಾರಿ ಇವೆ. ಹೊಸದಾಗಿ ಮಾಡುವುದು, ಮೇಲೆ ತೇಪೆ ಹಾಕುವುದು, ಸಂದು ತುಂಬುವುದು, ಮರೆಮಾಡುವುದು. ಯಾವುದನ್ನು ಯಾವಾಗ ಅನ್ನೋದೇ ಪ್ರಶ್ನೆ.

ನನ್ನ ಟರೆಟ್ಟಿಗೇ ಬನ್ನಿ. ವ್ಯಾಸದಲ್ಲಿ 1.4 ಮಿಮೀ ಕಡಿಮೆ, ಅಂದರೆ ಸುತ್ತಲೂ 0.7 ಮಿಮೀ ಸಂದು. ಹೊಸದಾಗಿ ಮಾಡಬಹುದಿತ್ತು. ಆದರೆ ಬಾಗಿಲು, ಕೀಲು, ಫಿರಂಗಿ ಎಲ್ಲ ಅಂಟಿಸಿಯಾಗಿತ್ತು. 160 ಜಿಎಸ್‌ಎಂ ಕಾಗದ ಸುಮಾರು 0.2 ಮಿಮೀ ದಪ್ಪ. ಟರೆಟ್ಟಿನ ಕುತ್ತಿಗೆಗೆ ಆ ಕಾಗದದ ಪಟ್ಟಿಯನ್ನು ಮೂರು ಸುತ್ತು ಸುತ್ತಿದೆ. 0.6 ತುಂಬಿತು. ಉಳಿದ ಚೂರು ಸಂದಿನಿಂದಲೇ ಟರೆಟ್ ಈಗ ಸಲೀಸಾಗಿ ತಿರುಗುತ್ತದೆ. ಗೋಪುರ ಪೂರ್ತಿ 3 ಶೇಕಡ ಚಿಕ್ಕದು ಅನ್ನೋದು ನನಗೆ ಗೊತ್ತು, ಈಗ ನಿಮಗೂ ಗೊತ್ತು.

ಚಕ್ರದ ಸುತ್ತಿನ ಪಟ್ಟಿ ಸಾಲದೆ ಬರುವುದು ಎಲ್ಲರಿಗೂ ಆಗುವ ತೊಂದರೆ. ನಾವು ಸರಿಯಾಗಿ ಕತ್ತರಿಸಿಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ನಕ್ಷೆಯದ್ದು. ಬಿಲ್ಲೆಯ ಸುತ್ತಳತೆಯನ್ನಷ್ಟೇ ಲೆಕ್ಕ ಹಾಕಿ, ಕಾಗದದ ದಪ್ಪವನ್ನು ಮರೆತಿರುತ್ತಾರೆ. ಬಿಲ್ಲೆ ಎಷ್ಟೇ ದೊಡ್ಡದಿರಲಿ, ದಪ್ಪದ 3.14 ಪಟ್ಟು ಉದ್ದ ಸೇರಿಸಬೇಕು. 0.2 ಮಿಮೀ ಕಾಗದಕ್ಕೆ 0.6 ಮಿಮೀ. ಪಟ್ಟಿ ಆಗಲೇ ಕತ್ತರಿಸಿದ್ದರೆ ಬಿಲ್ಲೆಯ ಅಂಚನ್ನು ಚೂರು ಉಜ್ಜಿ, ಇಲ್ಲವೇ ಸಂದು ಬರುವ ಕಡೆಯನ್ನು ಚೈನಿನ ಅಡಿಗೆ ತಿರುಗಿಸಿ. ಎರಡನೆಯದು ಸೋಮಾರಿ ದಾರಿ. ನಾನು ಅದನ್ನೇ ಮಾಡೋದು.

ತಗಡಿನ ಮೇಲೆ ಅಂಟಿನ ಕಲೆ, ಕತ್ತರಿ ಜಾರಿದ ಗಾಯ ಇದ್ದರೆ ತೇಪೆ. 80 ಜಿಎಸ್‌ಎಂ ಹಾಳೆಯಲ್ಲಿ ಅದೇ ತಗಡನ್ನು ಪ್ರಿಂಟ್ ಮಾಡಿ, ತಗಡಿನ ಅಂಚಿನಿಂದ ಅಂಚಿಗೆ ಪೂರ್ತಿ ಮುಚ್ಚಿ. ಗಾಯದಷ್ಟೇ ಜಾಗಕ್ಕೆ ತೇಪೆ ಹಾಕಿದರೆ ಹರಿದ ಪ್ಯಾಂಟಿನ ಮಂಡಿಯಂತೆ ಕಾಣುತ್ತದೆ. ಕತ್ತರಿಸಿದ ಬಿಳಿ ಅಂಚಿಗೆ ಅಂಟಿಸುವ ಮೊದಲೇ ಪೋಸ್ಟರ್ ಬಣ್ಣ ಬಳಿಯಿರಿ.

ಮೈ ಸ್ವಲ್ಪ ತಿರುಚಿಕೊಂಡಿದ್ದರೆ? ತಿದ್ದಲು ಹೋಗಬೇಡಿ, ಹೊಸದಾಗಿ ಮಾಡಿ. ಇದೊಂದರಲ್ಲಿ ರಾಜಿ ಇಲ್ಲ. ತಿರುಚಿದ ಮೈಯ ಮೇಲೆ ಕಟ್ಟಿದ್ದೆಲ್ಲ ತಿರುಚುತ್ತದೆ, ಕೊನೆಗೆ ಟ್ಯಾಂಕ್ ಒಂದು ಕಾಲು ಗಿಡ್ಡವಾದ ಮಣೆಯಂತೆ ಕುಂಟುತ್ತದೆ. ಪಂಜರ ಒಣಗುವಾಗ ಗಾಜಿನ ಮೇಲಿಟ್ಟು ಪುಸ್ತಕ ಹೇರಿದರೆ ಈ ಗತಿ ಬರುವುದಿಲ್ಲ. ನಮ್ಮೂರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ ಜಾಸ್ತಿ, ಒಂದಿಡೀ ರಾತ್ರಿ ಬಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದೆರಡು ಗಂಟೆಗೇ ಕೆಲಸ ಮುಂದುವರಿಸಬಹುದು.

ಇನ್ನೊಂದು ಬಗೆಯ ತಪ್ಪು ನಿಮ್ಮದಲ್ಲ, ನಕ್ಷೆ ಬರೆದವರದ್ದು. ಪುಕ್ಕಟೆ ಸಿಗುವ ನಕ್ಷೆಗಳಲ್ಲಿ ಇದು ಸಾಮಾನ್ಯ. ಮಾರ್ಕ್ 4ಕ್ಕೆ ಹಿಂದೆ ಎರಡು ಬಾಲಚಕ್ರ ಬರೆದಿದ್ದರೆ ಕಿತ್ತುಹಾಕಿ, ಅವು 1916ರ ಮಾರ್ಕ್ 1ರವು. ಬದಿಯ ಫಿರಂಗಿ ಉದ್ದ ಇದ್ದರೂ ಅದೇ ತಪ್ಪು. ಮಾರ್ಕ್ 1ರ 57 ಮಿಮೀ ಫಿರಂಗಿಯ ನಳಿಗೆ ಬಾಯಿಯ ಅಗಲದ 40 ಪಟ್ಟು ಉದ್ದ. ಅದು ನೆಲಕ್ಕೆ, ಮರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮಾರ್ಕ್ 4ರಲ್ಲಿ 23 ಪಟ್ಟಿಗೆ ಇಳಿಸಿದರು. ಇಂಥದ್ದನ್ನು ಕತ್ತರಿಯಲ್ಲೇ ತಿದ್ದಬಹುದು.

ಟಿ-34ರಲ್ಲಿ ಅಷ್ಟು ಸಲೀಸಲ್ಲ. ಅದರ ಎರಡನೇ ಮತ್ತು ಮೂರನೇ ಚಕ್ರದ ನಡುವೆ ಉಳಿದವುಗಳಿಗಿಂತ ಅಂತರ ಜಾಸ್ತಿ. ಐದನ್ನೂ ಸಮವಾಗಿ ಇಟ್ಟ ನಕ್ಷೆ ಸಿಕ್ಕರೆ ಚಕ್ರದ ಅಚ್ಚು ತೂರುವ ತೂತುಗಳನ್ನು ಕತ್ತರಿಸುವ ಮೊದಲೇ ಜರುಗಿಸಬೇಕು. ಆಮೇಲೆ ನೆನಪಾದರೆ ಹಳೇ ತೂತು ಮುಚ್ಚಿ, ಹೊಸದು ಕೊರೆದು, ಅದರ ಮೇಲೆ ತೇಪೆ. ಅದರ ಬದಲು ಪಕ್ಕದ ತಗಡನ್ನೇ ಹೊಸದಾಗಿ ಮಾಡುವುದು ಕಡಿಮೆ ಕೆಲಸ.

ಕಂಪ್ಯೂಟರಿನಲ್ಲಿ ತಿದ್ದೋದಾ, ಕೈಯಲ್ಲಾ? ಒಂದೇ ಭಾಗ ಆದರೆ ಪೆನ್ಸಿಲ್ಲು, ಅಳತೆ ಪಟ್ಟಿ ಬೇಗ. ಅದೇ ತಪ್ಪು ಎರಡೂ ಬದಿಯಲ್ಲಿ, ಹತ್ತಾರು ಚಕ್ರಗಳಲ್ಲಿ ಇದ್ದರೆ ಇಂಕ್‌ಸ್ಕೇಪ್ ತೆರೆಯಿರಿ. ಪುಕ್ಕಟೆ ತಂತ್ರಾಂಶ, ಪಿಡಿಎಫ್ ನಕ್ಷೆಯನ್ನೇ ಒಳಗೆ ತರಬಹುದು. ಅಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಪರಸ್ಪರ ಅಂಟುವ ಎರಡು ಅಂಚುಗಳ ಉದ್ದ ಒಂದೇ ಇದೆಯಾ ಅಂತ ಅಳೆಯಿರಿ. ಅರ್ಧ ಮಿಮೀಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಭಾಗವನ್ನು ಸುಮ್ನೆ ಹಳೇ ಪೇಪರಿನಲ್ಲಿ ಒಮ್ಮೆ ಕಟ್ಟಿ ನೋಡಿ.

ಮರೆಮಾಡುವ ದಾರಿ ಕೊನೆಯದು. ಸುತ್ತಿಟ್ಟ ಟಾರ್ಪಾಲು, ಹಗ್ಗ, ಮರದ ದಿಮ್ಮಿ. ಮಾರ್ಕ್ 4ರ ಬೆನ್ನ ಮೇಲೆ ಕೆಸರಿನಿಂದ ಎಳೆದುಕೊಳ್ಳುವ ತೊಲೆ ನಿಜವಾಗಲೂ ಇರುತ್ತಿತ್ತು, ಹಾಗಾಗಿ ಅದು ಮೋಸವೂ ಅಲ್ಲ. ನನ್ನ ಎಫ್‌ಟಿಯ ಹಿಂಬದಿಯಲ್ಲಿ ಒಂದು ಟಿಶ್ಯೂ ಪೇಪರಿನ ಟಾರ್ಪಾಲು ಇದೆ. ಅದರ ಕೆಳಗೆ ಏನಿದೆ ಅಂತ ಕೇಳಬೇಡಿ. ಕಳೆದ ದಸರಾಕ್ಕೆ ಬೊಂಬೆ ಮೆಟ್ಟಿಲಿನ ಪಾರ್ಕಿನಲ್ಲಿ, ಚನ್ನಪಟ್ಟಣದ ಕುದುರೆ ಗಾಡಿಯ ಪಕ್ಕ ಅದನ್ನು ಇಟ್ಟಿದ್ದೆವು. ಬಂದವರು ಅರಿಶಿನ ಕುಂಕುಮ ತೆಗೆದುಕೊಂಡು ಟರೆಟ್ ತಿರುಗಿಸಿ ಹೋದರು.

ಮೊನ್ನೆ ಮಾರ್ಕ್ 4 ಶುರು ಮಾಡಿದೆ. 1:35, 160 ಜಿಎಸ್‌ಎಂ, ಲೇಸರ್. ಎಲ್ಲ ಹಾಳೆಗಳನ್ನೂ ಒಂದೇ ಯಂತ್ರದಲ್ಲಿ, ಒಂದೇ ಸಲ, ಎರಡು ಸೆಟ್ ಪ್ರಿಂಟ್ ಹಾಕಿಸಿದೆ. ಅಂಗಡಿಯ ಹುಡುಗ ಎರಡು ಯಾಕೆ ಸಾರ್ ಅಂತ ಕೇಳಿದ. ಒಂದು ನನಗೆ, ಒಂದು ಕಾಫಿಗೆ ಅಂದೆ.